ಸದ್ದಿಲ್ಲದ ಡ್ರಮ್ಮು, ಕಾಣದ ನಾಯಿ

ಮರ್ವ್ ಹ್ಯಾಸ್ಲಮ್‌ಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಸಿಟ್ಟು ಮೊದಲು ಬರುತ್ತಿತ್ತು. ಕಾರಣವನ್ನು ಆಮೇಲೆ, ಏರಿದ ಉಸಿರು ಇಳಿದ ಮೇಲೆ, ಸಾವಕಾಶವಾಗಿ ಹುಡುಕಿಕೊಳ್ಳುತ್ತಿದ್ದ. ಸಿಡ್ನಿಯ ದಕ್ಷಿಣಕ್ಕೆ, ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಲ್ಲಿ ಅರ್ಧ ಆಯುಷ್ಯ ಕುಲುಮೆಯ ಮುಂದೆ ನಿಂತವನು. ನಿವೃತ್ತನಾದ ದಿನ ಎಲ್ಲರೂ ಉಡುಗೊರೆಯ ಗಡಿಯಾರ ತಂದರೆ ಇವನು ಕುಲುಮೆಯ ಬೆಂಕಿಯಲ್ಲೇ ಒಂದು ಪಾಲು ಮನೆಗೆ ತಂದ ಎಂದು ಹೆಂಡತಿ ಗ್ಲೆನಿಸ್ ಹೇಳುತ್ತಿದ್ದಳು. ಆದರೆ ಈ ಸಲದ ಸಿಟ್ಟಿಗೆ ನ್ಯಾಯವಾದ ಕಾರಣವೊಂದಿತ್ತು. ಆ ಕಾರಣದ ಹೆಸರು ಕೆಲ್.

ಕೆಲ್ ಗ್ಲೆನಿಸ್‌ಳ ತಮ್ಮ. ಪ್ರಾಯದಲ್ಲಿ ಇವರೆಲ್ಲ ಸೇರಿ ಒಂದು ವಾದ್ಯತಂಡ ಕಟ್ಟಿದ್ದರು. ಅದರ ಹೆಸರು ‘ಸ್ಲ್ಯಾಗ್ ಬಾಯ್ಸ್’, ಅಂದರೆ ಕಬ್ಬಿಣದ ಕಿಟ್ಟದ ಹುಡುಗರು. ಕೆಲ್‌ನ ಗಿಟಾರು, ಮರ್ವ್‌ನ ಡ್ರಮ್ಮು. ಹಾಡುತ್ತಿದ್ದ ಲಾರಿ ಎಂಬ ಗೆಳೆಯ ಈಗ ದೂರದ ಕೇರ್ನ್ಸ್‌ನಲ್ಲಿ ಮೀನು ಹಿಡಿಯುತ್ತಿದ್ದ. ಆ ಭಾನುವಾರ ಕೆಲ್ ತನ್ನ ಹಿತ್ತಿಲಿನಲ್ಲಿ ಸಾಸೇಜ್ ಸುಡುತ್ತ ಒಂದು ಸುದ್ದಿ ಹೊರಡಿಸಿದ. ಕಾರ್ಮಿಕರ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ತಂಡದ ಹಳೆಯ ಹಾಡೊಂದನ್ನು ರೆಕಾರ್ಡ್ ಮಾಡಿ ಕೊಡಬೇಕಂತೆ. ಯಾರೂ ಎಲ್ಲಿಗೂ ಬರಬೇಕಾಗಿಲ್ಲ. ಅವರವರ ಭಾಗವನ್ನು ಅವರವರ ಮನೆಯಲ್ಲೇ ನುಡಿಸಿ ಕಳಿಸಿದರೆ ಆಯಿತು.

“ಡ್ರಮ್ ವಿಷಯ ನೀನು ತಲೆ ಕೆಡಿಸ್ಕೋಬೇಡ ಭಾವ,” ಎಂದ ಕೆಲ್, ಸಾಸೇಜ್ ಮಗುಚುತ್ತ. “ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ತಾಳ ತಾನಾಗೇ ಬರುತ್ತೆ. ಅದು ತಪ್ಪಲ್ಲ, ಓಡಲ್ಲ, ಮಧ್ಯೆ ಮಧ್ಯೆ ಬಿಯರೂ ಕೇಳಲ್ಲ.”

ಹಿತ್ತಿಲೆಲ್ಲ ನಕ್ಕಿತು. ಮರ್ವ್‌ನ ಕಿವಿಯ ತುದಿ ಕೆಂಪಾಯಿತು. ಸಿಟ್ಟಿನ ಭರದಲ್ಲಿ ಮನುಷ್ಯ ಎರಡು ಕೆಲಸ ಮಾಡುತ್ತಾನೆ: ಒಂದು ಹೊಡೆತ, ಇನ್ನೊಂದು ಸುಳ್ಳು. ಕೈಯಲ್ಲಿ ತಟ್ಟೆ ಇದ್ದದ್ದರಿಂದ ಮರ್ವ್ ಎರಡನೆಯದನ್ನು ಆರಿಸಿಕೊಂಡ.

“ಯಂತ್ರ ಯಾಕೆ ಬೇಕು? ನನ್ನ ಮನೇಲಿ ಸ್ಟುಡಿಯೋನೇ ಇದೆ!”

ಗ್ಲೆನಿಸ್ ಸಲಾಡ್ ಬಡಿಸುತ್ತಿದ್ದ ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದಳು. ಸ್ಟುಡಿಯೋ ಎಂದು ಗಂಡ ಹೇಳಿದ ಹಿಂಬದಿಯ ಕೋಣೆಯಲ್ಲಿ ಇದ್ದದ್ದು ಇಸ್ತ್ರಿಯ ಹಲಗೆ, ಎರಡು ಸೂಟ್‌ಕೇಸು ಮತ್ತು ಅವಳ ತಾಯಿಯ ಹೊಲಿಗೆ ಯಂತ್ರ.

“ಸ್ಟುಡಿಯೋ? ನಿನ್ನ ಡ್ರಮ್ ಮಾರಿಸಿಬಿಟ್ರಲ್ಲ ಆ ಕಟ್ಟಡದೋರು?” ಎಂದ ಕೆಲ್.

“ಅದು ಹಳೇದು. ಈಗಿರೋದು ಎಲೆಕ್ಟ್ರಾನಿಕ್. ಎರಡು ವಾರ ತಡಿ, ಕಳಿಸ್ತೀನಿ. ಕಿವಿ ತೊಳ್ಕೊಂಡು ಕೇಳು!”

ಕೆಲ್ ನಗುತ್ತ “ಆಯ್ತಪ್ಪಾ” ಅಂದ. ಆ “ಆಯ್ತಪ್ಪಾ” ಎಂಬುದು ಮರ್ವ್‌ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಡ್ರಮ್ ಮಾರಿಸಿದ ಮಾತು ನಿಜ. ವಾರವಾಂಗ್‌ನ ಆ ಕೆಂಪು ಇಟ್ಟಿಗೆಯ ಕಟ್ಟಡದಲ್ಲಿ ಮರ್ವ್‌ನದು ಮೇಲಿನ ಮಹಡಿ. ಹಿಂದೊಮ್ಮೆ ಅವನು ನಿಜವಾದ ಡ್ರಮ್ ಬಾರಿಸಿದಾಗ ಕೆಳಮನೆಯ ಗೋಡೆಯಿಂದ ಸಂತನ ಪಟವೊಂದು ಬಿದ್ದಿತ್ತು. ಕಟ್ಟಡದ ಸಮಿತಿಯ ಕಾರ್ಯದರ್ಶಿ ಕ್ಲೈವ್ ಬಿಕರ್ಟನ್ ಸಭೆ ಕರೆದು, ವಾದ್ಯಗಳಿಗೆ ನಿಷೇಧ ಹಾಕಿಸಿದ್ದ. ಕ್ಲೈವ್ ಜೀವನದಲ್ಲಿ ಮಕ್ಕಳನ್ನಾಗಲಿ ಗಿಡಗಳನ್ನಾಗಲಿ ಬೆಳೆಸಿದವನಲ್ಲ, ಬೆಳೆಸಿದ್ದು ನಿಯಮಗಳನ್ನು. ಒಣಹಾಕಿದ ಟವೆಲಿನ ಬಣ್ಣಕ್ಕೂ ಅವನ ಬಳಿ ನಿಯಮವಿತ್ತು.

ಮರುದಿನ ಬೆಳಿಗ್ಗೆಯೇ ಮರ್ವ್ ವೊಲಂಗಾಂಗ್ ಪೇಟೆಯ ವಾದ್ಯದಂಗಡಿಗೆ ಹೋದ. ಗ್ಲೆನಿಸ್ ಹೊಸ ಫ್ರಿಜ್ಜಿಗೆಂದು ಎತ್ತಿಟ್ಟಿದ್ದ ದುಡ್ಡು ಅವನ ಜೇಬಿನಲ್ಲಿತ್ತು. ಅವಳ ಅಪ್ಪಣೆಯೂ ಜೊತೆಗಿತ್ತು. “ಅದಕ್ಕಿಂತ ಒಂದು ಡಾಲರ್ ಜಾಸ್ತಿಯಾದ್ರೆ ನೀನೂ ಡ್ರಮ್ಮೂ ಕಾರ್ ಶೆಡ್ಡಲ್ಲಿ ಮಲ್ಕೊಳ್ಳಿ.”

ಅಂಗಡಿಯ ಜಾರ್ವಿಸ್ ಎಂಬವನಿಗೆ ಒಂದೇ ಕಿವಿಯಲ್ಲಿ ಮೂರು ಉಂಗುರ. ಅವನನ್ನು ನೋಡಿದ ಕ್ಷಣವೇ ಮರ್ವ್‌ಗೆ ಸಿಟ್ಟು ಬಂತು. ಜಾರ್ವಿಸ್ ತುಂಬ ಒಳ್ಳೆಯವನೆಂದು ಗೊತ್ತಾದಾಗ ಸಿಟ್ಟು ಇನ್ನಷ್ಟು ಹೆಚ್ಚಿತು.

“ಇದು ಎಲ್ಲಕ್ಕಿಂತ ಅಗ್ಗ ಸರ್. ರಬ್ಬರ್ ಬಿಲ್ಲೆ. ಕಲಿಯೋರಿಗೆ—”

“ಕಲಿಯೋರಿಗಾ? ನಾನು ಡ್ರಮ್ ಬಾರಿಸ್ತಿದ್ದಾಗ ನಿಮ್ಮಪ್ಪ ಚಡ್ಡಿ ಹಾಕ್ಕೊಂಡು ಓಡಾಡ್ತಿದ್ದ!” ಮರ್ವ್ ಕೋಲು ತೆಗೆದುಕೊಂಡು ರಬ್ಬರಿಗೆ ಒಂದು ಬಿಟ್ಟ. ಕೋಲು ಪುಟಿದು ಬಂದು ಅವನ ಹಣೆಗೇ ಬಡಿಯಿತು. “ಇದೇನಿದು, ಟೈರಾ?”

“ಹಾಗಾದ್ರೆ ಇದು ನೋಡಿ. ಬಿಲ್ಲೆಗಳ ಮುಖಕ್ಕೆ ಜಾಲರಿ ಹೊದಿಸಿದೆ. ನಿಜವಾದ ಡ್ರಮ್ಮಿನ ಹಾಗೇ ಕೈಗೆ ಹತ್ತುತ್ತೆ, ಸದ್ದು ಬರೀ ಹೆಡ್‌ಫೋನಲ್ಲಿ. ಇಲ್ಲಿಂದ ವೈರ್ ಹಾಕಿದ್ರೆ ನೇರ ಕಂಪ್ಯೂಟರಿಗೆ ರೆಕಾರ್ಡ್ ಆಗುತ್ತೆ. ನೀವು ಅಪಾರ್ಟ್‌ಮೆಂಟಲ್ಲಿ ಇರೋದಾ ಸರ್?”

“ಯಾಕೆ?”

“ಕಾಲಿನ ವಿಷಯಕ್ಕೆ ಕೇಳ್ದೆ. ಇದರಲ್ಲಿ ಎರಡು ಥರ ಬರುತ್ತೆ. ಒಂದು ಬರೀ ಪೆಡಲ್, ಒತ್ತಿದ್ರೆ ಸಾಕು, ಸದ್ದೇ ಇಲ್ಲ. ಇನ್ನೊಂದರಲ್ಲಿ ಸುತ್ತಿಗೆ ಬಂದು ನಿಜವಾಗ್ಲೂ ಬಡಿಯುತ್ತೆ. ಅದು ನೆಲದಲ್ಲಿ ಇಳಿದು ಕೆಳಗಿನೋರಿಗೆ ಧಪ್ ಧಪ್ ಅನ್ನುತ್ತೆ. ಅಪಾರ್ಟ್‌ಮೆಂಟಿಗೆ ಮೊದಲನೇದೇ ಒಳ್ಳೇದು.”

ಮರ್ವ್ ಮೊದಲನೆಯದನ್ನು ಒಮ್ಮೆ ಒತ್ತಿ ನೋಡಿದ. “ಇದು ಕಾರಿನ ಆಕ್ಸಿಲರೇಟರ್. ನಾನು ಹಾಡು ಬಾರಿಸೋಕೆ ಬಂದಿದೀನಿ, ಸಿಡ್ನಿಗೆ ಹೋಗೋಕಲ್ಲ. ಸುತ್ತಿಗೆ ಇರೋದೇ ಕೊಡು. ನಂದು ಅಪಾರ್ಟ್‌ಮೆಂಟ್ ಅಲ್ಲ, ಸ್ಟುಡಿಯೋ!”

ಒಂದೇ ಸುಳ್ಳನ್ನು ಎರಡನೆಯ ಸಲ ಹೇಳುವಾಗ ಅದು ನಿಜದಂತೆಯೇ ಬಾಯಿಗೆ ರುಚಿಸುತ್ತದೆ. ಮರ್ವ್ ಪೆಟ್ಟಿಗೆಯನ್ನು ಕಾರಿನಲ್ಲಿ ಹಾಕಿಕೊಂಡು, ಕ್ಲೈವ್ ಬೌಲಿಂಗ್ ಆಡಲು ಹೋಗಿರುವ ಹೊತ್ತು ನೋಡಿ, ಮೆಟ್ಟಿಲು ಹತ್ತಿಸಿದ.

ಹೆಡ್‌ಫೋನ್ ಏರಿಸಿಕೊಂಡು ಮೊದಲ ಏಟು ಹಾಕಿದಾಗ ಅವನಿಗೆ ಮೈ ಝುಂ ಎಂದಿತು. ಕಿವಿಯೊಳಗೆ ಒಂದು ಇಡೀ ಸಭಾಂಗಣವೇ ತೆರೆದುಕೊಂಡಿತ್ತು. ಗುಡುಗು, ಸಿಡಿಲು, ಕಂಚಿನ ಮಳೆ. ಹೊರಗೆ ನಿಂತ ಗ್ಲೆನಿಸ್‌ಗೆ ಕೇಳಿಸಿದ್ದು ಟಕ, ಟಕ, ಧಪ್. “ಮೆಂತ್ಯದ ಡಬ್ಬಿ ಬಡಿದ ಹಾಗಿದೆ,” ಎಂದಳು. ಮರ್ವ್‌ಗೆ ಅದು ಕೇಳಿಸಲಿಲ್ಲ. ತನ್ನ ದನಿಯೂ ಕೇಳಿಸಲಿಲ್ಲ. ಅನರ್ಥಕ್ಕೆ ಮೂಲ ಅದೇ.

ಯಾಕೆಂದರೆ ಮರ್ವ್ ಬೈಯದೆ ಡ್ರಮ್ ಬಾರಿಸಿದವನಲ್ಲ. ಅವನ ಕೈಗಳು ಹೇಳಿದ ಮಾತು ಕೇಳುತ್ತಿದ್ದವು. ಕಾಲುಗಳು ಮಾತ್ರ ಹುಟ್ಟು ತಂಟೆಕೋರರು. ಬಲಗಾಲು ಉತ್ಸಾಹ ಹೆಚ್ಚಾಗಿ ತಾಳ ಬಿಟ್ಟು ಮುಂದೆ ಓಡುತ್ತಿತ್ತು, ಎಡಗಾಲು ಪೆಡಲಿನ ಮೇಲೆ ನಿದ್ದೆ ಹೋಗುತ್ತಿತ್ತು. ಅವನ್ನು ಅವನು ಗಟ್ಟಿಯಾಗಿ ಗದರಿಸುತ್ತಿದ್ದ. ಈಗ ಕಿವಿ ಮುಚ್ಚಿದ್ದರಿಂದ ಆ ಗದರಿಕೆ ಕುಲುಮೆಯ ಮುಂದೆ ಕೂಗುತ್ತಿದ್ದ ಮಟ್ಟಕ್ಕೆ ಏರಿತು.

ಕೆಳಮನೆಯಲ್ಲಿದ್ದವಳು ಬಾಬಾ ಬೋಸಾ. ಬಾಬಾ ಎಂದರೆ ಅವಳ ಮೆಸಿಡೋನಿಯದ ಮಾತಿನಲ್ಲಿ ಅಜ್ಜಿ. ಗಡ್ಡದ ಬಾಬಾಗಳಿಗೂ ಅವಳಿಗೂ ಸಂಬಂಧವಿಲ್ಲ, ಶಾಪ ಕೊಡುವ ವಿದ್ಯೆಯೊಂದನ್ನು ಬಿಟ್ಟರೆ. ಅವಳು ಮೆಣಸಿನಕಾಯಿ ಸುಡುತ್ತ ನಿಂತಿದ್ದಾಗ ಛಾವಣಿಯಿಂದ ಧಪ್ ಎಂದಿತು. ಮತ್ತೆ ಧಪ್ ಧಪ್. ಅದರ ಹಿಂದೆಯೇ ಮರ್ವ್‌ನ ಆರ್ಭಟ:

“ಓಡ್ಬೇಡ! ಓಡ್ಬೇಡ ಅಂದ್ರೆ ಓಡ್ಬೇಡ! ಎಷ್ಟು ಸಲ ಹೇಳ್ಬೇಕು ಕತ್ತೆ!”

ಧಪ್.

“ಕಾಲೆತ್ತು! ಥೂ, ಇಲ್ಲಲ್ಲ ಕಾಲೆತ್ತೋದು! ಎಲ್ಲಾ ಹೊಲಸು ಮಾಡ್ಬಿಟ್ಟೆ!”

ಧಪ್ ಧಪ್ ಧಪ್.

ಬಾಬಾ ಬೋಸಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಮೇಲ್ಮನೆಯವನು ಗುಟ್ಟಾಗಿ ನಾಯಿ ತಂದು ಸಾಕಿದ್ದಾನೆ. ಪಾಪದ ಮೂಕಪ್ರಾಣಿಯನ್ನು ಕಾಲೆತ್ತಿದ್ದಕ್ಕೆ ಬಡಿಯುತ್ತಿದ್ದಾನೆ. ಬಡಿತ ತಿಂದರೂ ಅದು ಒಂದು ಸಲವೂ ಬೊಗಳಲಿಲ್ಲವಲ್ಲ! ಎಂಥ ಸಹನೆಯ ನಾಯಿ! ಅವಳ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಘಾಟೂ ಸ್ವಲ್ಪ ಇತ್ತು.

ಮಾರನೆಯ ಬೆಳಿಗ್ಗೆ ಮರ್ವ್ ಬಾಗಿಲು ತೆರೆದರೆ ಹೊಸ್ತಿಲಲ್ಲಿ, ಕಾಗದದ ತಟ್ಟೆಯಲ್ಲಿ, ಒಂದು ದಪ್ಪ ಕುರಿಮೂಳೆ.

“ಗ್ಲೆನಿಸ್! ಯಾರೋ ನಮ್ಮನೆ ಮುಂದೆ ಮೂಳೆ ಎಸೆದಿದಾರೆ!”

“ಎಸೆದಿಲ್ಲ, ಇಟ್ಟಿದಾರೆ. ತಟ್ಟೆ ಇದೆಯಲ್ಲ.”

“ತಟ್ಟೇಲಿಟ್ಟು ಅವಮಾನ ಮಾಡಿದ್ರೆ ಅವಮಾನ ಅಲ್ವಾ? ನಾನೇನು ನಾಯಿನಾ? ಇದು ಆ ಕ್ಲೈವ್‌ದೇ ಕೆಲಸ. ನಾನು ಯಾರ ತಂಟೆಗೂ ಹೋಗದೆ, ಒಂದು ಸದ್ದು ಮಾಡದೆ, ಕಿವಿ ಮುಚ್ಕೊಂಡು ಕೂತಿದ್ರೂ ಬಿಡಲ್ಲ ಅಂತಾರಲ್ಲ!”

ಗ್ಲೆನಿಸ್ ಮೂಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮಾಂಸ ಚೆನ್ನಾಗಿ ಅಂಟಿಕೊಂಡಿತ್ತು. ಹಳೆಯ ಫ್ರಿಜ್ಜು ಬೇರೆ ಕೈಕೊಡುತ್ತಿತ್ತು. ಆವತ್ತು ಮಧ್ಯಾಹ್ನ ಬಾರ್ಲಿ ಹಾಕಿದ ಸೂಪು ಬಲು ರುಚಿಯಾಗಿತ್ತು. ಮರ್ವ್ ಬೈಯುತ್ತಲೇ ಎರಡು ಬಟ್ಟಲು ಕುಡಿದ.

ಬಾಬಾ ಬೋಸಾ ಮೆಟ್ಟಿಲು ಹತ್ತಿ ನೋಡಿದಳು. ಮೂಳೆ ಇಲ್ಲ, ತಟ್ಟೆ ನೆಕ್ಕಿದಷ್ಟು ಚೊಕ್ಕಟ. ಇನ್ನೇನು ಸಾಕ್ಷಿ ಬೇಕು? ಅಂದಿನಿಂದ ದಿನವೂ ಮೂಳೆ ಬರತೊಡಗಿತು. ದಿನವೂ ಮರ್ವ್ ಕೂಗಾಡಿದ, ದಿನವೂ ಸೂಪು ಬೆಂದಿತು. ಸುದ್ದಿ ಮಹಡಿಯಿಂದ ಮಹಡಿಗೆ ಇಳಿದು, ಕಾರ್ ನಿಲ್ಲಿಸುವ ಜಾಗದಲ್ಲಿ ಸ್ವಲ್ಪ ಮೈ ತುಂಬಿಕೊಂಡು, ಕ್ಲೈವ್ ಬಿಕರ್ಟನ್‌ನ ಮನೆ ತಲುಪುವಷ್ಟರಲ್ಲಿ ನಾಯಿ ಕರುವಿನಷ್ಟು ದೊಡ್ಡದಾಗಿತ್ತು.

ಕ್ಲೈವ್ ಮೆಟ್ಟಿಲಿನಲ್ಲಿ ಮರ್ವ್‌ನನ್ನು ಅಡ್ಡಗಟ್ಟಿದ.

“ಹ್ಯಾಸ್ಲಮ್ ಅವರೇ, ನೀವು ಮನೇಲಿ ಏನಿಟ್ಕೊಂಡಿದೀರಿ ಅನ್ನೋದು ಸಮಿತಿಗೆ ಗೊತ್ತಾಗಿದೆ.”

ಮರ್ವ್ ಮೆಟ್ಟಿಲಲ್ಲೇ ನಿಂತ. ಡ್ರಮ್ಮಿನ ಗುಟ್ಟು ಬಯಲಾಯಿತು! ಹೆದರಿದಾಗಲೂ ಅವನಿಗೆ ಬರುತ್ತಿದ್ದುದು ಸಿಟ್ಟೇ. “ಗೊತ್ತಾದ್ರೆ ಏನೀಗ? ಅದು ಸದ್ದೇ ಮಾಡಲ್ಲವಲ್ಲ!”

“ಸದ್ದು ಮಾಡದ ಹಾಗೆ ಏನು ಮಾಡಿದೀರಿ ಅದಕ್ಕೆ?”

“ಮುಖಕ್ಕೆ ಜಾಲರಿ ಹಾಕಿದೆ. ನೀವು ಪಕ್ಕದಲ್ಲೇ ನಿಂತ್ರೂ ಕೇಳ್ಸಲ್ಲ.”

ಕ್ಲೈವ್‌ನ ಬಾಯಿ ತೆರೆಯಿತು. “ಜಾಲರಿ! ದಿನವಿಡೀನಾ?”

“ಮತ್ತೆ? ಅಂಗಡೀಲೇ ಹಾಕಿ ಕೊಡ್ತಾರೆ.”

“ಎಷ್ಟು... ಎಷ್ಟು ದೊಡ್ಡದು ಅದು?”

“ದೊಡ್ಡದೇನಲ್ಲ. ಐದು ಬಿಡಿ ಬಿಡಿ ಇವೆ. ಬೇಡ ಅಂದಾಗ ಮಡಚಿ ಮಂಚದ ಕೆಳಗೆ ತಳ್ಳಬಹುದು.”

“ಐದು! ಮಡಚಿ!” ಕ್ಲೈವ್ ಮೆಟ್ಟಿಲಿನ ಕಂಬಿ ಹಿಡಿದುಕೊಂಡ. “ಅಯ್ಯಾ, ನೀವು ಅದನ್ನ ಹೊಡೀತೀರಿ ಅಂತ ಕೆಳಗಿನವರು ಹೇಳ್ತಿದಾರೆ.”

“ಹೊಡೀದೆ ಮುದ್ದಾಡ್ಲಾ?” ಮರ್ವ್ ಗುಡುಗಿದ. “ಹೊಡೆಯೋಕೇ ತಂದಿರೋದು ಕಣ್ರೀ! ಫ್ರಿಜ್ಜಿನ ದುಡ್ಡು ಹಾಕಿ ತಂದಿದೀನಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹೊಡೀತೀನಿ! ನನ್ನ ಮನೆ, ನನ್ನ ಕೋಲು!”

ಕ್ಲೈವ್ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿದ. ಅವನ ನಿಯಮಗಳಲ್ಲಿ ಇಂಥ ರಾಕ್ಷಸನಿಗೆ ಹೇಳಿಮಾಡಿಸಿದ ನಿಯಮ ಒಂದೂ ಇರಲಿಲ್ಲ. ಕೆಳಗಿನ ತಿರುವು ತಲುಪಿದ ಮೇಲೆ ಧೈರ್ಯ ತಂದುಕೊಂಡು ಕೂಗಿದ: “ಬಾಬಾ ಬೋಸಾಗೆ ಎಲ್ಲಾ ಕೇಳ್ಸುತ್ತೆ! ಒಂದೊಂದು ಏಟೂ ಕೇಳ್ಸುತ್ತೆ!”

ಇದೊಂದು ಮಾತು ಮರ್ವ್‌ಗೆ ನಾಟಿತು. ಒಳಗೆ ಬಂದು ಜಾರ್ವಿಸ್‌ಗೆ ಫೋನ್ ಮಾಡಿ ಹರಿಹಾಯ್ದ. “ಸದ್ದಿಲ್ಲ ಅಂದ್ಯಲ್ಲೋ, ಕೆಳಗಿನೋರಿಗೆ ಕೇಳ್ಸುತ್ತಂತೆ!”

“ಕಾಲಿಂದು ಸರ್. ನಾನು ಹೇಳಿದ್ನಲ್ಲ... ಅದಿರ್ಲಿ, ಒಂದು ಉಪಾಯ ಇದೆ. ಎರಡು ಹಲಗೆ ತಗೊಳ್ಳಿ, ಮಧ್ಯೆ ಟೆನಿಸ್ ಚೆಂಡು ಜೋಡಿಸಿ, ಅದರ ಮೇಲೆ ಡ್ರಮ್ ಇಡಿ. ಏಟೆಲ್ಲಾ ಚೆಂಡೇ ನುಂಗುತ್ತೆ. ಹಳೇ ಚೆಂಡಾದ್ರೂ ಸಾಕು.”

ಫ್ರಿಜ್ಜಿನ ದುಡ್ಡು ಮುಗಿದಿತ್ತು. ಹಳೆಯ ಚೆಂಡುಗಳು ಧರ್ಮಕ್ಕೆ ಸಿಗುವ ಜಾಗ ಒಂದೇ: ನಾಯಿಗಳನ್ನು ಬಿಡುವ ಸಮುದ್ರದಂಡೆ. ಅಲ್ಲಿ ಮರ್ವ್ ಪ್ಯಾಂಟು ಮಡಚಿಕೊಂಡು, ಚೀಲ ಹಿಡಿದು, ಮರಳಿನಲ್ಲಿ ಬಿದ್ದ ಚೆಂಡುಗಳನ್ನು ಹೆಕ್ಕತೊಡಗಿದ. ಬಿದ್ದವು ಮುಗಿದಾಗ ಬೀಳುತ್ತಿದ್ದವಕ್ಕೂ ಕೈ ಹಾಕಿದ. ಒಂದು ಕಂದು ಸ್ಪೇನಿಯಲ್ ನಾಯಿಗೂ ಅವನಿಗೂ ಒಂದೇ ಚೆಂಡಿನ ಮೇಲೆ ಕಣ್ಣು ಬಿತ್ತು.

“ಏಯ್ ಮಾರಾಯ! ಅದು ನನ್ನ ನಾಯೀದು!” ಎಂದು ಅದರ ಯಜಮಾನತಿ ಓಡಿಬಂದಳು.

“ನಿನ್ನ ನಾಯಿ ಹೆಸರು ಬರೆದಿದ್ಯಾ ಇದರ ಮೇಲೆ?”

“ಹಲ್ಲಿನ ಗುರುತಿದೆ ನೋಡು!”

“ಹಾಗಾದ್ರೆ ನಾನೂ ಕಚ್ತೀನಿ, ಆಗ ಯಾರದ್ದು ಆಗುತ್ತೆ?”

ಕಚ್ಚುವ ಪ್ರಸಂಗ ಬರಲಿಲ್ಲ. ಸ್ಪೇನಿಯಲ್ಲೇ ಅವನ ಪ್ಯಾಂಟಿನ ಹಿಂಭಾಗವನ್ನು ಕಚ್ಚಿ ವಾದ ಮುಗಿಸಿತು. ಮರ್ವ್ ಹರಿದ ಪ್ಯಾಂಟಿನಲ್ಲಿ, ಜೊಲ್ಲು ಸುರಿಯುವ ಚೆಂಡುಗಳ ಚೀಲ ಹೊತ್ತು ಮನೆಗೆ ಬಂದಾಗ ಬಾಬಾ ಬೋಸಾ ಕಿಟಕಿಯಲ್ಲಿದ್ದಳು. ಚೀಲ ನೋಡಿದಳು. ಪ್ಯಾಂಟಿನ ಹಲ್ಲುಗುರುತು ನೋಡಿದಳು. “ಕೊನೆಗೂ ತಿರುಗಿಬಿತ್ತು, ನನ್ನ ಬಂಗಾರ,” ಎಂದು ಮೆಲ್ಲಗೆ ಹೇಳಿಕೊಂಡು ಫೋನ್ ಎತ್ತಿದಳು.

ಪ್ರಾಣಿದಯಾ ಸಂಘದ ಇನ್ಸ್‌ಪೆಕ್ಟರ್ ಬಂದದ್ದು ಶನಿವಾರ ಹಗಲು. ಮರ್ವ್ ಆ ಬೆಳಿಗ್ಗೆ ತಾನೇ ಇಡೀ ಹಾಡನ್ನು ಒಂದೇ ಉಸಿರಿನಲ್ಲಿ ಬಾರಿಸಿ ರೆಕಾರ್ಡ್ ಮಾಡಿ ಮುಗಿಸಿದ್ದ. ಹಲಗೆಗಳೂ ಚೆಂಡುಗಳೂ ಇನ್ನೂ ಮೂಲೆಯಲ್ಲೇ ಇದ್ದವು. ಬಾಗಿಲು ತೆರೆದರೆ ಫೊನೋಟಿ ಎಂಬ ಸಮೋವಾ ದ್ವೀಪದ ಹೆಂಗಸು, ಬಾಗಿಲು ತುಂಬುವ ಆಳು, ಸಮವಸ್ತ್ರದಲ್ಲಿ ನಿಂತಿದ್ದಳು. ಅವಳ ಹಿಂದೆ ಕ್ಲೈವ್. ಅವನ ಹಿಂದೆ ಬಾಬಾ ಬೋಸಾ, ಕೈಯಲ್ಲಿ ಮಡಚಿದ ಕಂಬಳಿ. ಅವರ ಹಿಂದೆ ಮೆಟ್ಟಿಲಿನ ತುಂಬ ಇಡೀ ಕಟ್ಟಡ.

“ಹ್ಯಾಸ್ಲಮ್ ಅವರೇ, ದೂರು ಬಂದಿದೆ. ಒಳಗೆ ಬಂದು ನೋಡ್ಬಹುದಾ?”

“ನೋಡಿ! ಎಲ್ಲರೂ ಬನ್ನಿ! ಮೆರವಣಿಗೇಲಿ ಬಂದಿದೀರಲ್ಲ, ಬ್ಯಾಂಡು ಒಂದೇ ಕಮ್ಮಿ!” ಎಂದು ಮರ್ವ್ ಹಿಂಬದಿಯ ಕೋಣೆಯ ಬಾಗಿಲನ್ನು ಒದ್ದು ತೆರೆದ. “ತಗೊಂಡು ಹೋಗಿ! ಕಿತ್ಕೊಂಡು ಹೋಗಿ ಸಮುದ್ರಕ್ಕೆ ಹಾಕಿ!”

ಕೋಣೆಯಲ್ಲಿ ಕಪ್ಪು ಕೊಳವೆಗಳ ಚೌಕಟ್ಟು, ಅದರ ತುಂಬ ದೋಸೆಕಲ್ಲಿನಂಥ ದುಂಡು ಬಿಲ್ಲೆಗಳು. ಎಲ್ಲರೂ ಸುತ್ತ ನೋಡಿದರು.

“ಪ್ರಾಣಿ ಎಲ್ಲಿ?” ಎಂದಳು ಫೊನೋಟಿ.

“ಯಾವ ಪ್ರಾಣಿ?”

“ನಾಯಿ.”

“ಯಾವ ನಾಯಿ?”

ಫೊನೋಟಿ ಮಂಚದ ಕೆಳಗೆ ಬಗ್ಗಿದಳು, ಕಪಾಟು ತೆರೆದಳು, ಬಟ್ಟೆ ಒಗೆಯುವ ಯಂತ್ರದೊಳಗೂ ಟಾರ್ಚ್ ಹಾಕಿದಳು. ಒಂದು ಕೂದಲೂ ಸಿಗಲಿಲ್ಲ. ಕ್ಲೈವ್ ಜಾಲರಿ ಹೊದಿಸಿದ ಬಿಲ್ಲೆಯೊಂದನ್ನು ಬೆರಳಿನಿಂದ ತಟ್ಟಿ, “ಮುಖಕ್ಕೆ ಜಾಲರಿ ಅಂದ್ರೆ... ಇದಾ?” ಎಂದ. “ಐದು ಅಂದ್ರೆ... ಇವಾ?”

“ಮತ್ತಿನ್ನೇನು ಅಂದ್ಕೊಂಡ್ರಿ?”

“ನಾಯಿ ಇಲ್ಲ,” ಎಂದು ಫೊನೋಟಿ ಸಾರಿದಳು.

ಒಂದು ಮೂಕಪ್ರಾಣಿ ಹಿಂಸೆ ಅನುಭವಿಸುತ್ತಿಲ್ಲ ಎಂದು ತಿಳಿದಾಗ ಸಜ್ಜನರು ಸಂತೋಷಪಡಬೇಕು. ಕಟ್ಟಡದವರೂ ಸಜ್ಜನರೇ, ಆದರೆ ಅವರಿಗೆ ಬಂದದ್ದು ಕೆಟ್ಟ ಸಿಟ್ಟು. ಇಷ್ಟು ದಿನ ಮರುಗಿದ ನಾಯಿ ಇಲ್ಲವೆಂದರೆ ಹೇಗೆ? “ಇಲ್ಲ ಅಂತ ಮೊದಲೇ ಹೇಳೋಕಾಗ್ತಿರ್ಲಿಲ್ವಾ?” ಎಂದ ಒಬ್ಬ. “ನಮ್ಮ ಮಕ್ಕಳು ರಾತ್ರಿ ಅತ್ತಿವೆ,” ಎಂದಳು ಇನ್ನೊಬ್ಬಳು. ಬಾಬಾ ಬೋಸಾ ಕಂಬಳಿ ಎದೆಗವಚಿಕೊಂಡು ಮುಂದೆ ಬಂದಳು.

“ನನ್ನ ಮೂಳೆ ಯಾರು ತಿಂದ್ರು?”

ಗ್ಲೆನಿಸ್ ಮೆಲ್ಲಗೆ ಕೈ ಎತ್ತಿದಳು. “ಸೂಪ್ ಮಾಡ್ದೆ ಬಾಬಾ. ಬಾರ್ಲಿ ಹಾಕಿ. ತುಂಬಾ ಚೆನ್ನಾಗಿತ್ತು.”

“ಶಾರ್ಕೋ ಅಂತ ಹೆಸರಿಟ್ಟಿದ್ದೆ ಆ ನಾಯಿಗೆ!” ಎಂದಳು ಬಾಬಾ ಬೋಸಾ. “ಚರ್ಚಲ್ಲಿ ಮೇಣದಬತ್ತಿ ಹಚ್ಚಿದೆ! ನಿಮಗೆ ಸೂಪಾ? ಈ ವಯಸ್ಸಲ್ಲಿ ನನ್ನ ಕೈಲಿ ಡ್ರಮ್ಮಿಗೆ ಕಣ್ಣೀರು ಹಾಕ್ಸಿದ್ಯಲ್ಲೋ ಪಾಪಿ, ಯಾತಕ್ಕೋ ಇದೆಲ್ಲ?”

ಮರ್ವ್ ಉತ್ತರ ಕೊಡುವ ಮೊದಲೇ ಮೆಟ್ಟಿಲಿನ ಗುಂಪು ಸೀಳಿಕೊಂಡು ಕೆಲ್ ಬಂದ. ಕೈಯಲ್ಲಿ ಹಿಂದಿರುಗಿಸಲು ತಂದ ಗ್ಲೆನಿಸ್‌ಳ ಕೇಕಿನ ಪಾತ್ರೆ. “ಏನಕ್ಕಾ, ಮನೇಲಿ ಸಂತೆ?”

“ಬಂದ್ಯಾ? ಬಾ!” ಎಂದ ಮರ್ವ್. “ತಗೋ, ಮುಗಿದಿದೆ. ನಿನ್ನ ಡ್ರಮ್ಮು, ರೆಡಿ!”

ಕೆಲ್ ಕಣ್ಣು ಪಿಳಿಪಿಳಿ ಬಿಟ್ಟ. “ಡ್ರಮ್ಮಾ? ಅಯ್ಯೋ ಭಾವ, ಅದು ಯಂತ್ರದಲ್ಲೇ ಮಾಡ್ಬಿಟ್ನಲ್ಲ, ಮರುದಿನಾನೇ. ಹಾಡು ಪೂರ್ತಿ ಆಗೋಯ್ತು. ನೀನು ಸ್ಟುಡಿಯೋ ಗಿಡಿಯೋ ಅಂದಿದ್ದು ತಮಾಷೆ ಅಂದ್ಕೊಂಡೆ.”

ಎಲ್ಲರೂ ಮರ್ವ್‌ನ ಕಡೆ ನೋಡಿದರು. ಗ್ಲೆನಿಸ್ ಹೂದಾನಿಯನ್ನು ಅವನ ಕೈಗೆಟುಕದಂತೆ ಸರಿಸಿದಳು. ಆದರೆ ಮರ್ವ್ ಕೂಗಲಿಲ್ಲ. ಡ್ರಮ್ಮಿನ ಪುಟ್ಟ ಸ್ಟೂಲಿನ ಮೇಲೆ ಕೂತ. ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡತೊಡಗಿದ. ಮದುವೆಯಾದಾಗಿನಿಂದ ಅವನ ಸಿಟ್ಟು ಕಂಡಿದ್ದ ಗ್ಲೆನಿಸ್ ಅವನ ಮೌನವನ್ನು ಕಂಡದ್ದು ಅಂದೇ. ಅವಳಿಗೆ ಭಯವಾಯಿತು.

ಮೊದಲು ಸಿಡಿದವಳು ಬಾಬಾ ಬೋಸಾ. ಅವಳು ಕೆಲ್‌ನ ಕಡೆ ತಿರುಗಿದ ರೀತಿಗೆ ಕೆಲ್ ಕೇಕಿನ ಪಾತ್ರೆಯನ್ನು ಗುರಾಣಿಯಂತೆ ಎತ್ತಿ ಹಿಡಿದ.

“ಮರುದಿನಾನೇ? ಹೇಳೋಕೆ ಬಾಯಿರ್ಲಿಲ್ವಾ ನಿಂಗೆ? ಈ ಮನುಷ್ಯ ಎರಡು ವಾರ ನನ್ನ ತಲೆ ಮೇಲೆ ಬಡಿದಿದಾನೆ! ಒಂದೊಂದು ಏಟೂ ನಾನು ಕೇಳಿದೀನಿ! ಬಿದ್ದು, ಎದ್ದು, ಬೈಕೊಂಡು, ಮತ್ತೆ ಮೊದಲಿಂದ! ಅದು ದಂಡಕ್ಕಾ?”

“ನಾನು ಎರಡು ಸಭೆ ಕರೆದಿದೀನಿ!” ಎಂದ ಕ್ಲೈವ್. ತಾನು ಯಾರ ಪಕ್ಷ ಎಂಬುದು ಅವನಿಗೇ ತಿಳಿಯಲಿಲ್ಲ. ಆದರೆ ಸಭೆಗಳು ವ್ಯರ್ಥವಾಗುವುದನ್ನು ಅವನು ಸಹಿಸಲಾರ.

“ನಾನು ಅಷ್ಟು ದೂರದ ನೌರಾದಿಂದ ಕಾರ್ ಓಡಿಸ್ಕೊಂಡು ಬಂದಿದೀನಿ,” ಎಂದಳು ಫೊನೋಟಿ, ಬಾಗಿಲಿಗೆ ಅಡ್ಡ ನಿಂತು. “ಕೂತ್ಕೊಳ್ಳಿ. ಕೇಳಿ.”

ಕೆಲ್ ಕೂತ. ಹೆಡ್‌ಫೋನ್ ಹಾಕಿಕೊಂಡ. ಕಂಪ್ಯೂಟರಿನಲ್ಲಿ ಗ್ಲೆನಿಸ್ ಬೆಳಗಿನ ರೆಕಾರ್ಡಿಂಗ್ ಹಚ್ಚಿದಳು. ಇಡೀ ಕಟ್ಟಡ ಅವನ ಮುಖವನ್ನೇ ನೋಡುತ್ತ ನಿಂತಿತು. ಅವನ ಹೆಬ್ಬೆರಳು ತನ್ನಷ್ಟಕ್ಕೆ ಪಾತ್ರೆಯ ತಳ ತಟ್ಟತೊಡಗಿತು. ಒಮ್ಮೆ ತಲೆದೂಗಿದ. ಒಮ್ಮೆ ಹುಬ್ಬು ಗಂಟಿಕ್ಕಿದ. ಕೊನೆಗೆ ಹೆಡ್‌ಫೋನ್ ತೆಗೆದ.

“ಯಂತ್ರದ್ದಕ್ಕಿಂತ ಜೀವ ಇದೆ ಇದರಲ್ಲಿ,” ಎಂದ. “ನಾವು ಬಾರಿಸ್ತಿದ್ದ ಆ ಹಳೇ ಪಬ್ಬು ನೆನಪಾಯ್ತು ಭಾವ. ನಿಜವಾಗ್ಲೂ. ಆದ್ರೆ ಮೂರನೇ ಚರಣದಲ್ಲಿ ಓಡಿಬಿಟ್ಟಿದೀಯ.”

“ಓಡ್ಲಿ!” ಎಂದಳು ಬಾಬಾ ಬೋಸಾ. “ಮನುಷ್ಯ ಅಲ್ವಾ, ಓಡ್ತಾನೆ!”

“ಓಡ್ಲಿ, ಓಡ್ಲಿ,” ಎಂದಿತು ಮೆಟ್ಟಿಲು.

“ಯಾಕ್ರೀ ಓಡ್ಬೇಕು?” ಮರ್ವ್ ಎದ್ದುನಿಂತಿದ್ದ. ಸಿಟ್ಟು ಮರಳಿ ಬಂದಿತ್ತು. ಗ್ಲೆನಿಸ್‌ಗೆ ಉಸಿರು ಬಂತು. “ಅವನು ಹೇಳಿದ್ದು ಸರಿ. ಓಡಿದೀನಿ. ನಂಗೆ ಬೆಳಿಗ್ಗೇನೇ ಗೊತ್ತಿತ್ತು, ಮುಚ್ಚಿಡೋಣ ಅಂದ್ಕೊಂಡಿದ್ದೆ. ಇನ್ನೊಂದ್ಸಲ ಬಾರಿಸ್ತೀನಿ. ಎಲ್ಲರೂ ಹೊರಗೆ ನಡೀರಿ!”

ಯಾರೂ ನಡೆಯಲಿಲ್ಲ. ಬಾಬಾ ಬೋಸಾ ಕಂಬಳಿ ಹಾಸಿ ಇಸ್ತ್ರಿಯ ಹಲಗೆಯ ಪಕ್ಕ ಕೂತಳು. ಫೊನೋಟಿ ಸೂಟ್‌ಕೇಸಿನ ಮೇಲೆ ಕೂತಳು, ಸೂಟ್‌ಕೇಸು ನರಳಿತು. ಕ್ಲೈವ್ ನಿಂತೇ ಇದ್ದ, ವಾದ್ಯ ನುಡಿಸುವುದನ್ನು ತಾನು ನೋಡುತ್ತಿಲ್ಲ ಎಂಬಂತೆ ಕಿಟಕಿಯ ಕಡೆ ಮುಖ ಮಾಡಿ.

ಮರ್ವ್ ಹೆಡ್‌ಫೋನ್ ಏರಿಸಿದ. ಗ್ಲೆನಿಸ್ ಗುಂಡಿ ಒತ್ತಿದಳು.

ಕೋಣೆಯಲ್ಲಿದ್ದವರಿಗೆ ಗಿಟಾರೂ ಇಲ್ಲ, ಹಾಡೂ ಇಲ್ಲ. ಟಕ ಟಕ, ಧಪ್. ಟಕ ಟಕ, ಧಪ್ ಧಪ್. ಕೆಂಪೇರಿದ ಮುಖದ ದಪ್ಪ ಮುದುಕನೊಬ್ಬ ದೋಸೆಕಲ್ಲುಗಳ ಮೇಲೆ ಕೋಲಾಡಿಸುತ್ತ ಬೆವರುತ್ತಿದ್ದ. ಬೈಗುಳ ಗಂಟಲಿಗೆ ಬಂದಾಗಲೆಲ್ಲ ಎದುರಿಗೆ ಬಾಬಾ ಬೋಸಾ ಕಾಣುತ್ತಿದ್ದಳು; ತುಟಿ ಕಚ್ಚಿ ನುಂಗುತ್ತಿದ್ದ. ಮೂರನೆಯ ಚರಣ ಬಂದಿರಬೇಕು, ಅವನ ಕತ್ತಿನ ನರ ಉಬ್ಬಿತು, ಓಡಲು ಹೊರಟ ಬಲಗಾಲನ್ನು ತಡೆಹಿಡಿದ. ಬಾಬಾ ಬೋಸಾ ಕೈ ಮುಷ್ಟಿ ಹಿಡಿದಳು. ಕೆಲ್ ಉಸಿರು ಬಿಗಿಹಿಡಿದ. ಟಕ ಟಕ, ಧಪ್. ಟಕ ಟಕ, ಧಪ್. ಆಮೇಲೆ ಎರಡೂ ಕೋಲು ಮೇಲೆದ್ದು ಒಟ್ಟಿಗೆ ಇಳಿದವು, ಎಲ್ಲ ನಿಂತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾವುದಕ್ಕೆ ತಟ್ಟಬೇಕೆಂದು ಯಾರಿಗೂ ತಿಳಿಯದು.

“ಮುಗೀತಾ ಮಗನೇ?” ಎಂದಳು ಬಾಬಾ ಬೋಸಾ.

ಮರ್ವ್ ಹೆಡ್‌ಫೋನ್ ತೆಗೆದ. “ಮುಗೀತು.”

“ಚೆನ್ನಾಗಿತ್ತಾ?”

ಅವನು ತೋಳಿನಿಂದ ಹಣೆ ಒರೆಸಿಕೊಂಡ.

“ಚೆನ್ನಾಗಿತ್ತು ಬಾಬಾ,” ಎಂದ.

ಆಗ ಬಿತ್ತು ನೋಡಿ ಚಪ್ಪಾಳೆ. ಮೆಟ್ಟಿಲಿನ ಕೊನೆಯವರೆಗೂ ಬಿತ್ತು. ಕೆಲ್ ಎದ್ದು, ಯಂತ್ರದ ತಾಳವನ್ನು ಅಳಿಸುತ್ತೇನೆಂದು ಎಲ್ಲರೆದುರು ಆಣೆ ಮಾಡಿದ. ಕ್ಲೈವ್ ಕಿಟಕಿಯಿಂದ ಮುಖ ತಿರುಗಿಸದೆ ಎರಡು ಬೆರಳಿನಿಂದ ಇನ್ನೊಂದು ಅಂಗೈಯನ್ನು ತಟ್ಟಿದ.

“ಸರಿ, ಇನ್ನು ಮನೆಗೆ ಹೋಗ್ರಪ್ಪಾ!” ಎಂದು ಮರ್ವ್ ಅಬ್ಬರಿಸಿ ಎಲ್ಲರನ್ನೂ ಹೊರಗೆ ಅಟ್ಟಿ ಬಾಗಿಲು ಹಾಕಿದ. ಹಾಕಿದ ಬಾಗಿಲಿನಾಚೆ, ಮೆಟ್ಟಿಲು ಇಳಿಯುತ್ತ, ಇಡೀ ಹಾಡಿನಲ್ಲಿ ಮೂರನೆಯ ಚರಣದಂಥದ್ದು ಇನ್ನೊಂದಿಲ್ಲವೆಂದು ಬಾಬಾ ಬೋಸಾ ವಾದಿಸುತ್ತಿದ್ದಳು. ತನಗೆ ಎರಡನೆಯದೇ ಹಿಡಿಸಿತೆಂದು ಫೊನೋಟಿ ಹಟ ಹಿಡಿದಿದ್ದಳು.